ಬಯಲಿನ ಲೆಡ್ಜರು, ಬಾಗಿಲಿರುವ ಲೆಡ್ಜರು



ಫಾತೋರ್ಡಾದ ಸ್ಟೇಡಿಯಮ್ಮಿನ ಸುತ್ತಮುತ್ತ, ಮಡಗಾಂವ್ ಪೇಟೆಯಲ್ಲಿ, ನಾವೇಲಿ ಕಡೆಯ ಬಾಡಿಗೆ ಮನೆಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಜನರ ಕಿವಿಗೆ ಈಚಿನ ವರ್ಷಗಳಲ್ಲಿ ಒಂದು ಶಬ್ದ ಎರಡು ಕಡೆಯಿಂದ ಬೀಳುತ್ತಿದೆ. ಅದು ಬ್ಲಾಕ್‌ಚೈನ್. ಒಂದು ಕಡೆಯಿಂದ, ಹಣ ದುಪ್ಪಟ್ಟು ಮಾಡಿಕೊಡುತ್ತೇವೆಂದು ಮೊಬೈಲಿನಲ್ಲಿ ನಾಣ್ಯ ಮಾರುವವರು ಅದನ್ನು ಹೇಳುತ್ತಾರೆ. ಇನ್ನೊಂದು ಕಡೆಯಿಂದ, ಜಾತಿ ಪ್ರಮಾಣಪತ್ರ, ಅಂಕಪಟ್ಟಿ, ಆಸ್ತಿಯ ಕಾಗದ ಇವನ್ನೆಲ್ಲ ಇನ್ನು ಮುಂದೆ ಬ್ಲಾಕ್‌ಚೈನಿನಲ್ಲಿ ಇಡುತ್ತೇವೆಂದು ಸರ್ಕಾರದವರು ಹೇಳುತ್ತಾರೆ. ಹೆಸರು ಒಂದೇ ಆದ್ದರಿಂದ ವಸ್ತುವೂ ಒಂದೇ ಎಂದು ತಾವು ತಿಳಿದರೆ ತಮ್ಮ ತಪ್ಪೇನಲ್ಲ. ಆದರೆ ಎರಡೂ ಬೇರೆ. ನಾಣ್ಯದ ಮಾತು ಬಹುಮಟ್ಟಿಗೆ ಇಥೀರಿಯಮ್ ಎಂಬ ಜಾತಿಯದು. ಸರ್ಕಾರ ಮತ್ತು ಬ್ಯಾಂಕುಗಳ ಮಾತು ಬಹುಮಟ್ಟಿಗೆ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಎಂಬುದರ ಜಾತಿಯದು. ಈ ಎರಡನ್ನೂ ಈ ಹೊತ್ತು ಪಕ್ಕಪಕ್ಕದಲ್ಲಿಟ್ಟು ನೋಡೋಣ.

ನಾನು ಮೆಟ್ರಿಕ್ ಮುಗಿಸಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು, ಗಣಕಯಂತ್ರದ ಪಂಡಿತನಲ್ಲ. ಆದರೆ ಬ್ಲಾಕ್‌ಚೈನ್ ಎಂಬುದು ಬುಡದಲ್ಲಿ ಲೆಡ್ಜರಿನ ಸಂಗತಿ. ಲೆಡ್ಜರಿನ ಜೊತೆಗೆ ನನ್ನ ಸರ್ವಿಸೆಲ್ಲ ಕಳೆದಿದೆ.

ನಮ್ಮ ಕಾಲದ ಲೆಡ್ಜರನ್ನು ತಾವು ನೋಡಿರಬಹುದು. ಪುಟ ತುಂಬಿದಾಗ ಕೆಳಗೆ ಮೊತ್ತ ಹಾಕಿ, ಮುಂದಿನ ಪುಟದ ತಲೆಯಲ್ಲಿ 'ಹಿಂದಿನ ಪುಟದಿಂದ ತಂದದ್ದು' ಎಂದು ಅದೇ ಮೊತ್ತ ಬರೆಯುತ್ತಿದ್ದೆವು. ಯಾರಾದರೂ ಹಳೆಯ ಪುಟದಲ್ಲಿ ಒಂದು ಅಂಕಿ ತಿದ್ದಿದರೆ ಮುಂದಿನ ಪುಟಗಳ ತಲೆಮೊತ್ತ ಕೂಡದೆ ಸಿಕ್ಕಿಬೀಳುತ್ತಿದ್ದರು. ಬ್ಲಾಕ್‌ಚೈನ್ ಮಾಡುವುದೂ ಇದನ್ನೇ, ಇನ್ನಷ್ಟು ಬಿಗಿಯಾಗಿ. ಒಂದು ಪುಟದಲ್ಲಿರುವ ಬರಹವನ್ನೆಲ್ಲ ಗಣಿತದ ಒಂದು ಯಂತ್ರಕ್ಕೆ ಹಾಕಿದರೆ ಪುಟ್ಟದೊಂದು ಗುರುತು ಹೊರಬರುತ್ತದೆ. ಹೆಚ್ಚು ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಅದು 64 ಅಕ್ಷರದ ಗುರುತು. ಅದನ್ನು ಹ್ಯಾಶ್ ಎನ್ನುತ್ತಾರೆ. ನಾವು ಬರಹದ ಹೆಬ್ಬೆಟ್ಟು ಎನ್ನೋಣ. ಬರಹದಲ್ಲಿ ಒಂದು ಚುಕ್ಕೆ ಬದಲಾದರೂ ಹೆಬ್ಬೆಟ್ಟು ಪೂರ್ತಿ ಬೇರೆಯಾಗುತ್ತದೆ; ಹೆಬ್ಬೆಟ್ಟು ನೋಡಿ ಬರಹವೇನಿತ್ತೆಂದು ಹಿಂದಕ್ಕೆ ಕಂಡುಹಿಡಿಯಲಾಗದು. ಪ್ರತಿ ಪುಟದ ತಲೆಯಲ್ಲಿ ಹಿಂದಿನ ಪುಟದ ಹೆಬ್ಬೆಟ್ಟು ಇರುತ್ತದೆ. ಅದೇ ಸರಪಳಿ. ಜೊತೆಗೆ, ಆ ಪುಸ್ತಕದ ಪ್ರತಿ ಒಬ್ಬರ ಬಳಿಯಲ್ಲಿ ಮಾತ್ರ ಇರದೆ ಅನೇಕರ ಬಳಿ ಇರುತ್ತದೆ.

ಅನೇಕರ ಬಳಿ ಏಕಿರಬೇಕು ಎಂದು ಕೇಳುವಿರಿ. 1992ರ ಹಗರಣವನ್ನು ಹಿರಿಯರು ಮರೆತಿರಲಾರರು. ಬ್ಯಾಂಕುಗಳು ಸರ್ಕಾರಿ ಸಾಲಪತ್ರಗಳನ್ನು ಕೊಂಡು ಮಾರುವಾಗ ಪತ್ರವನ್ನೇ ಕೊಡದೆ ಬ್ಯಾಂಕ್ ರಸೀದಿ ಕೊಡುತ್ತಿದ್ದವು. ಬ್ಯಾಂಕ್ ಆಫ್ ಕರಾಡ್, ಮೆಟ್ರೊಪಾಲಿಟನ್ ಕೋಆಪರೇಟಿವ್ ಬ್ಯಾಂಕ್ ಇವುಗಳಿಂದ ಹಿಂದೆ ಪತ್ರವೇ ಇಲ್ಲದ ರಸೀದಿಗಳು ಹೊರಟವು. ರಿಸರ್ವ್ ಬ್ಯಾಂಕಿನ ಸಾಲ ಕಚೇರಿಯಲ್ಲಿ ಲೆಕ್ಕ ಕೈಬರಹದಲ್ಲಿತ್ತು. ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ತಾಳೆ ನೋಡುವ ಹೊತ್ತಿಗೆ ಸಾವಿರಾರು ಕೋಟಿ ರೂಪಾಯಿ ಸರಿದುಹೋಗಿತ್ತು. ಎಲ್ಲರ ಎದುರಿಗೂ ಒಂದೇ ಪುಸ್ತಕ ತೆರೆದಿದ್ದಿದ್ದರೆ ಆ ರಸೀದಿ ಒಂದು ದಿನವೂ ನಿಲ್ಲುತ್ತಿರಲಿಲ್ಲ. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಷೇರಿನ ಕಾಗದದ ವಿಷಯದಲ್ಲಿ ನಮ್ಮ ದೇಶ ಬ್ಲಾಕ್‌ಚೈನ್ ಇಲ್ಲದೆಯೇ ದಾರಿ ಕಂಡುಕೊಂಡಿತು. 1996ರಲ್ಲಿ ಡಿಪಾಜಿಟರಿ ಕಾಯ್ದೆ ಬಂದು, ಎಲ್ಲರೂ ಒಪ್ಪಿದ ಒಂದು ಕೇಂದ್ರದಲ್ಲಿ ಲೆಕ್ಕ ಇಡುವ ಪದ್ಧತಿ ಶುರುವಾಯಿತು. ಎಲ್ಲರೂ ನಂಬುವ ಒಂದು ಕೇಂದ್ರ ಇದ್ದರೆ ಸರಪಳಿಯ ಗೊಡವೆ ಬೇಕಿಲ್ಲ. ಪರಸ್ಪರ ಪೂರ್ತಿ ನಂಬದ ನಾಲ್ಕು ಜನ ಒಂದೇ ಲೆಕ್ಕ ಇಡಬೇಕಾಗಿ ಬಂದಾಗಲೇ ಅದರ ಪ್ರಯೋಜನ.

ಈಗ ಸ್ಮಾರ್ಟ್ ಕಾಂಟ್ರಾಕ್ಟ್ ಎಂದರೇನು ನೋಡೋಣ. ರೈಲ್ವೆ ಸ್ಟೇಶನ್ನಿನಲ್ಲಿ ತೂಕದ ಯಂತ್ರವಿರುತ್ತಿತ್ತು. ಮೇಲೆ ನಿಂತು ನಾಣ್ಯ ಹಾಕಿದರೆ ತೂಕ ಅಚ್ಚಾದ ಚೀಟಿ ಬೀಳುತ್ತಿತ್ತು. ಅಲ್ಲಿ ಗುಮಾಸ್ತನಿಲ್ಲ, ವಶೀಲಿ ಇಲ್ಲ, 'ನಾಳೆ ಬಾ' ಇಲ್ಲ. ಸ್ಮಾರ್ಟ್ ಕಾಂಟ್ರಾಕ್ಟ್ ಎಂಬುದು ಅಂಥದೇ ಯಂತ್ರ, ಬರೀ ಬರಹದಲ್ಲಿರುವುದು: 'ಇಂಥದು ನಡೆದರೆ ಇಷ್ಟು ಕೊಡು' ಎಂಬ ಕರಾರು ಲೆಡ್ಜರಿನೊಳಗೇ ಕೂತು ತಾನಾಗಿ ನಡೆಯುತ್ತದೆ. ಇಂಥ ಕರಾರುಗಳನ್ನು ಜೋಡಿಸಿ, ಯಾವ ಒಂದು ಕಂಪನಿಯ ಕಂಪ್ಯೂಟರನ್ನೂ ನೆಚ್ಚದೆ ಕಟ್ಟಿದ ಆ್ಯಪ್‌ಗಳಿಗೆ ವಿಕೇಂದ್ರಿತ ಆ್ಯಪ್ ಎಂದು ಹೆಸರು.

ಇಥೀರಿಯಮ್ ಇಂಥ ಕರಾರುಗಳಿಗಾಗಿಯೇ ಹುಟ್ಟಿದ್ದು. ವಿಟಾಲಿಕ್ ಬ್ಯೂಟೆರಿನ್ ಎಂಬ ಹತ್ತೊಂಬತ್ತರ ತರುಣ 2013ರ ಕೊನೆಯಲ್ಲಿ ಅದರ ಯೋಜನೆ ಬರೆದ. 2015ರ ಜುಲೈ 30ರಂದು ಅದು ನಡೆಯತೊಡಗಿತು. ಇದು ಬಯಲಿನಲ್ಲಿಟ್ಟ ಲೆಡ್ಜರು. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಪ್ರತಿ ಇಟ್ಟುಕೊಳ್ಳಬಹುದು, ಯಾರು ಬೇಕಾದರೂ ಅದರೊಳಗೆ ಕರಾರು ಬರೆಯಬಹುದು. ಹೆಸರು ಹೇಳಬೇಕಿಲ್ಲ, ಅಪ್ಪಣೆ ಬೇಕಿಲ್ಲ. ಹಾಗಾದರೆ ಕಳ್ಳರು ಸುಳ್ಳು ಪುಟ ಸೇರಿಸದಂತೆ ತಡೆಯುವುದು ಹೇಗೆ? ಪುಟ ಬರೆಯುವ ಸರದಿ ಬೇಕೆಂಬವರು ಕನಿಷ್ಠ 32 ಈಥರ್ ಅಡವಿಡಬೇಕು. ಈಥರ್ ಎಂದರೆ ಆ ಲೆಡ್ಜರಿನದೇ ನಾಣ್ಯ. ಮೋಸ ಮಾಡಿದರೆ ಅಡವಿನಲ್ಲಿ ಕಡಿತ. 12 ಸೆಕೆಂಡಿಗೊಂದು ಪುಟದ ಸರದಿ. ಮೊದಲು ಬಹಳ ವಿದ್ಯುತ್ ತಿನ್ನುವ ಲೆಕ್ಕದ ಪಂದ್ಯದಿಂದ ಸರದಿ ತೀರ್ಮಾನವಾಗುತ್ತಿತ್ತು; 2022ರ ಸೆಪ್ಟೆಂಬರ್ 15ರಂದು ಅದನ್ನು ಬಿಟ್ಟು ಈ ಅಡವಿನ ಪದ್ಧತಿಗೆ ಬಂದರು. ವಿದ್ಯುತ್ತಿನ ಖರ್ಚು ಶೇಕಡಾ 99ಕ್ಕೂ ಮಿಕ್ಕಿ ಇಳಿಯಿತೆಂದು ಅದನ್ನು ನೋಡಿಕೊಳ್ಳುವವರ ಅಂದಾಜು.

ಫ್ಯಾಬ್ರಿಕ್‌ನ ಸ್ವಭಾವ ತಿಳಿಯಲು ಗೋವೆಯವರಾದ ನಮಗೆ ದೂರ ಹೋಗಬೇಕಿಲ್ಲ. ಇಲ್ಲಿಯ ಕೊಮುನಿದಾದ್ ಅಂದರೆ ಹಳೆಯ ಗಾಂವ್ಕರಿ ಪದ್ಧತಿಯನ್ನೇ ನೋಡಿ. ಊರ ಜಮೀನು ಗಾಂವ್ಕಾರರದು. ಗಾಂವ್ಕಾರ ಯಾರೆಂಬುದು ಗಂಡುಸಂತತಿಯ ವಂಶದ ಮೇಲೆ ಗೊತ್ತು. ಅವರ ಹೆಸರು ಪುಸ್ತಕದಲ್ಲಿದೆ. ವರ್ಷದ ಉತ್ಪನ್ನದಲ್ಲಿ ಅವರಿಗೆ ಝೊಣ್ ಎಂಬ ಪಾಲು. ಹೊರಗಿನವನು ಮೂವತ್ತು ವರ್ಷ ಅಲ್ಲೇ ಬಾಳಿದರೂ ಆ ಪುಸ್ತಕಕ್ಕೆ ಸಹಿ ಹಾಕಲಾರ. ಫ್ಯಾಬ್ರಿಕ್ ಕೂಡ ಬಾಗಿಲಿರುವ ಲೆಡ್ಜರು. ಯಾರು ಸದಸ್ಯರು ಎಂಬುದು ಮೊದಲೇ ಗೊತ್ತು. ಪ್ರತಿಯೊಬ್ಬರಿಗೂ ಗುರುತಿನ ಪತ್ರವಿದೆ. ಇಲ್ಲಿ ಸದಸ್ಯತ್ವ ವಂಶದಿಂದಲ್ಲ, ಒಪ್ಪಂದದಿಂದ ಬರುತ್ತದೆ ಎಂಬುದಷ್ಟೇ ಅಂತರ. ಲಿನಕ್ಸ್ ಫೌಂಡೇಶನ್ 2015ರ ಡಿಸೆಂಬರಿನಲ್ಲಿ ಹೈಪರ್‌ಲೆಡ್ಜರ್ ಯೋಜನೆ ಆರಂಭಿಸಿತು. ಐಬಿಎಂ ಮೊದಲಾದವರ ಕೊಡುಗೆಯಿಂದ ಬೆಳೆದ ಫ್ಯಾಬ್ರಿಕ್‌ನ ಮೊದಲ ಪೂರ್ಣ ಆವೃತ್ತಿ 2017ರ ಜುಲೈಯಲ್ಲಿ ಬಂತು.

ಅದರಲ್ಲಿ ನನಗೆ ಬಹಳ ಹಿಡಿಸಿದ ಒಂದು ಏರ್ಪಾಟಿದೆ. ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಬೀಗದಕೈ. ಒಂದು ಕ್ಯಾಶಿಯರನ ಬಳಿ, ಒಂದು ಅಧಿಕಾರಿಯ ಬಳಿ. ಇಬ್ಬರೂ ಬಂದರೆ ಮಾತ್ರ ಬಾಗಿಲು. ಫ್ಯಾಬ್ರಿಕ್‌ನಲ್ಲಿ ಪ್ರತಿ ಕರಾರಿಗೂ ಹೀಗೆ ನಿಯಮ ಬರೆಯಬಹುದು: ಇಂಥ ನಮೂದು ಆಗಬೇಕಾದರೆ ತಹಶೀಲ್ದಾರರ ಕಚೇರಿಯೂ ಸಹಿ ಮಾಡಬೇಕು, ಶಿಕ್ಷಣ ಇಲಾಖೆಯೂ ಸಹಿ ಮಾಡಬೇಕು ಎಂದು. ಅಲ್ಲದೆ ಇಬ್ಬರು ಸದಸ್ಯರ ನಡುವಿನ ಲೆಕ್ಕ ಮೂರನೆಯವರಿಗೆ ಕಾಣದಂತೆ ಬೇರೆ ಕೋಣೆಯನ್ನೂ ಮಾಡಿಕೊಳ್ಳಬಹುದು. ಬಯಲಿನ ಲೆಡ್ಜರಿನಲ್ಲಿ ಮುಚ್ಚುಮರೆ ಕಷ್ಟ.

ಖರ್ಚಿನ ವಿಷಯ. ಇಥೀರಿಯಮ್ಮಿನಲ್ಲಿ ಪ್ರತಿ ನಮೂದಿಗೂ ಗ್ಯಾಸ್ ಎಂಬ ಶುಲ್ಕವಿದೆ. ಅಡಿಗೆಯ ಗ್ಯಾಸ್ ಅಲ್ಲ, ಗಾಡಿಗೆ ಹಾಕುವ ಎಣ್ಣೆಯ ಅರ್ಥದಲ್ಲಿ ಇಟ್ಟ ಹೆಸರು. ಜನಸಂದಣಿ ಇದ್ದಾಗ ಹಬ್ಬದ ಹಿಂದಿನ ದಿನದ ಖಾಸಗಿ ಬಸ್ಸಿನ ಟಿಕೆಟಿನ ಹಾಗೆ ಅದು ಏರುತ್ತದೆ. 2021ರ ಮೇ ತಿಂಗಳ ಕೆಲವು ದಿನ ಸರಾಸರಿ ಶುಲ್ಕ 50 ಡಾಲರಿಗೂ ಮೇಲೆ ಹೋಗಿತ್ತು. ಅದಕ್ಕಾಗಿಯೇ ಅದರ ಪಕ್ಕದಲ್ಲಿ ಅಗ್ಗದ ಉಪಸರಪಳಿಗಳು ಹುಟ್ಟಿದವು. ನಮ್ಮ ಭಾರತೀಯ ತರುಣರು 2017ರಲ್ಲಿ ಮ್ಯಾಟಿಕ್ ಎಂಬ ಹೆಸರಿನಲ್ಲಿ ಶುರುಮಾಡಿದ ಪಾಲಿಗಾನ್ ಅಂಥದೊಂದು. ಫ್ಯಾಬ್ರಿಕ್‌ನಲ್ಲಿ ನಾಣ್ಯವೂ ಇಲ್ಲ, ಗ್ಯಾಸೂ ಇಲ್ಲ. ಆದರೆ ಧರ್ಮಕ್ಕೆ ನಡೆಯುವುದಿಲ್ಲ. ಸದಸ್ಯ ಸಂಸ್ಥೆಗಳು ಕಂಪ್ಯೂಟರು, ಆಳು, ದುರಸ್ತಿ ಎಲ್ಲದರ ಖರ್ಚು ಹೊರಬೇಕು.

ವೇಗದಲ್ಲಿ ಇಥೀರಿಯಮ್ಮಿನ ಮೂಲ ಸರಪಳಿ ಬಹುಕಾಲ ಸೆಕೆಂಡಿಗೆ ಸುಮಾರು 15 ವ್ಯವಹಾರಗಳ ಮಟ್ಟದಲ್ಲಿತ್ತು. ಸದಸ್ಯರು ಕೆಲವರೇ ಇರುವ ಫ್ಯಾಬ್ರಿಕ್ ಅದಕ್ಕಿಂತ ಬಹಳ ಚುರುಕು. ಆದರೆ ಎರಡನ್ನೂ ಹೊಗಳುವ ಮುನ್ನ ತಮ್ಮ ಜೇಬಿನಲ್ಲಿರುವ ಯುಪಿಐ ನೆನೆಯಿರಿ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಅದರಲ್ಲಿ 2000 ಕೋಟಿಗೂ ಹೆಚ್ಚು ಪಾವತಿಗಳಾದವು. 31 ದಿನದಿಂದ ಭಾಗಿಸಿ ನೋಡಿ, ಸೆಕೆಂಡಿಗೆ ಸರಾಸರಿ 7 ಸಾವಿರಕ್ಕೂ ಮೇಲಾಯಿತು. ಯುಪಿಐ ಬ್ಲಾಕ್‌ಚೈನ್ ಅಲ್ಲವೇ ಅಲ್ಲ. ಎನ್‌ಪಿಸಿಐ ಎಂಬ ಒಂದು ಕೇಂದ್ರ ನಡೆಸುವುದು.

ಇನ್ನು ಅನಾಹುತಗಳು. ಯಾವ ಪದ್ಧತಿಯ ಗುಣವೂ ಅದು ಕೆಟ್ಟಾಗಲೇ ಚೆನ್ನಾಗಿ ತಿಳಿಯುವುದು, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. 2016ರಲ್ಲಿ 'ದಿ ಡಾವೋ' ಎಂಬ ಒಂದು ಸಾರ್ವಜನಿಕ ನಿಧಿಯನ್ನು ಇಥೀರಿಯಮ್ಮಿನ ಕರಾರಿನ ಮೇಲೆ ಕಟ್ಟಿದರು. ಕರಾರಿನ ಬರಹದಲ್ಲಿ ಒಂದು ಸಂದು ಉಳಿದಿತ್ತು. ಯಂತ್ರವು ಹಣ ಕೊಟ್ಟಾದ ಮೇಲೆ ಖಾತೆಗೆ ಖರ್ಚು ಹಾಕುತ್ತಿತ್ತು, ಮೊದಲೇ ಹಾಕುತ್ತಿರಲಿಲ್ಲ. ಬ್ಯಾಂಕಿನಲ್ಲಿ ಚೆಕ್ಕನ್ನು ಮೊದಲು ಲೆಡ್ಜರಿಗೆ ಏರಿಸಿ ಆಮೇಲೆ ಟೋಕನ್ ಕರೆಯುವುದು ಏಕೆಂದು ಈಗ ತಿಳಿಯಿತೇ? ಒಬ್ಬ ಆಗಂತುಕ ಆ ಸಂದಿನಲ್ಲಿ ಮತ್ತೆ ಮತ್ತೆ ಕೈ ಹಾಕಿ ಜೂನ್ ತಿಂಗಳಲ್ಲಿ ಸುಮಾರು 36 ಲಕ್ಷ ಈಥರ್ ಎಳೆದುಕೊಂಡ. ಯಂತ್ರ ತನಗೆ ಬರೆದದ್ದನ್ನೇ ಮಾಡಿತ್ತು. ಕಡೆಗೆ ಜುಲೈ 20ರಂದು ಬಹುಮಂದಿ ಸೇರಿ ಆ ವ್ಯವಹಾರವನ್ನು ರದ್ದುಮಾಡುವಂತೆ ಪುಸ್ತಕವನ್ನೇ ಕವಲೊಡೆಸಿದರು. 'ಬರೆದದ್ದು ಬರೆದದ್ದೇ, ತಿದ್ದಬಾರದು' ಎಂದ ಕೆಲವರು ಹಳೆಯ ಪುಸ್ತಕವನ್ನೇ ಮುಂದುವರಿಸಿದರು. ಅದು ಇಥೀರಿಯಮ್ ಕ್ಲಾಸಿಕ್ ಎಂದು ಇಂದಿಗೂ ಇದೆ. ಮುಂದೆ 2017ರ ನವೆಂಬರಿನಲ್ಲಿ ಪ್ಯಾರಿಟಿ ಎಂಬ ತಿಜೋರಿ ಕರಾರಿನ ಮೂಲಭಾಗವನ್ನು ಯಾರೋ ಒಬ್ಬರು ಅಳಿಸಿಬಿಟ್ಟದ್ದರಿಂದ 5 ಲಕ್ಷ 13 ಸಾವಿರ ಈಥರ್ ಒಳಗೇ ಸಿಕ್ಕಿಕೊಂಡಿತು. ಈ ಸಲ ಕವಲೊಡೆಯಲು ಜನ ಒಪ್ಪಲಿಲ್ಲ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ 2024ರ ಜುಲೈ 18. ವಜೀರ್‌ಎಕ್ಸ್ ಎಂಬ ಭಾರತೀಯ ನಾಣ್ಯಪೇಟೆಯ ಇಥೀರಿಯಮ್ ತಿಜೋರಿಯಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಆಸ್ತಿ ಹೋಯಿತು. ಆ ತಿಜೋರಿಗೂ ಹಲವು ಬೀಗದಕೈಗಳಿದ್ದವು, ಒಬ್ಬರಿಂದ ತೆರೆಯುವಂತಿರಲಿಲ್ಲ. ಆದರೂ ಹೋಯಿತು. ಲಕ್ಷಾಂತರ ಗ್ರಾಹಕರ ಹಣ ತಿಂಗಳುಗಟ್ಟಲೆ ಸಿಕ್ಕಿಬಿತ್ತು.

ಬಾಗಿಲಿರುವ ಲೆಡ್ಜರು ಸಾಯುವ ರೀತಿಯೇ ಬೇರೆ. ಅಲ್ಲಿ ಕನ್ನ ಬೀಳುವುದಕ್ಕಿಂತ ಸಂಘ ಒಡೆಯುವುದೇ ಹೆಚ್ಚು. ಹಡಗಿನ ಸರಕಿನ ಕಾಗದಗಳಿಗಾಗಿ ಮೆರ್ಸ್ಕ್ ಎಂಬ ಭಾರೀ ಹಡಗು ಕಂಪನಿಯೂ ಐಬಿಎಮ್ಮೂ ಸೇರಿ 2018ರಲ್ಲಿ ಫ್ಯಾಬ್ರಿಕ್ ಮೇಲೆ ಟ್ರೇಡ್‌ಲೆನ್ಸ್ ಎಂಬ ವ್ಯವಸ್ಥೆ ಕಟ್ಟಿದರು. ಯಂತ್ರ ಕೆಡಲಿಲ್ಲ. ಆದರೆ ಇಡೀ ಉದ್ಯಮ ಕೈಜೋಡಿಸಲಿಲ್ಲವೆಂದು 2022ರ ನವೆಂಬರಿನಲ್ಲಿ ಮುಚ್ಚುವುದಾಗಿ ಸಾರಿ, 2023ರಲ್ಲಿ ಬಾಗಿಲು ಹಾಕಿದರು. ನಮ್ಮಲ್ಲಿ 2021ರಲ್ಲಿ ಸ್ಟೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿದಂತೆ 15 ಬ್ಯಾಂಕುಗಳು ಸಾಖಪತ್ರ, ಅಂದರೆ ಲೆಟರ್ ಆಫ್ ಕ್ರೆಡಿಟ್ ವ್ಯವಹಾರಕ್ಕಾಗಿ ಇಂಥದೇ ಸದಸ್ಯರ ಲೆಡ್ಜರಿಗೆಂದು ಒಂದು ಕಂಪನಿ ಮಾಡಿಕೊಂಡವು. ಒಂದೇ ಸರಕಿನ ಬಿಲ್ಲು ತೋರಿಸಿ ಎರಡು ಬ್ಯಾಂಕಿನಲ್ಲಿ ಸಾಲ ಎತ್ತುವ ವಿದ್ಯೆ ಬಲ್ಲ ವ್ಯಾಪಾರಿಗಳನ್ನು ಕಂಡವನಾದ್ದರಿಂದ, ಇದು ಯೋಗ್ಯ ಜಾಗದಲ್ಲಿ ಮಾಡಿದ ಪ್ರಯತ್ನ ಎಂದು ನನಗನಿಸುತ್ತದೆ.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯಿಂದ ಬಂದು ಇಲ್ಲಿ ದುಡಿಯುವವರ ಕಾಗದಗಳೆಲ್ಲ ಅಲ್ಲಿಯವು. ಮಗುವನ್ನು ಇಲ್ಲಿಯ ಶಾಲೆಗೆ ಹಾಕುವಾಗ, ಕೆಲಸಕ್ಕೆ ಅರ್ಜಿ ಹಾಕುವಾಗ, 'ಈ ಕಾಗದ ಖರೆಯೋ ಖೋಟಾವೋ' ಎಂಬ ಪ್ರಶ್ನೆ ಬರುತ್ತದೆ. ಪರಿಶೀಲನೆಗೆ ಕಾಗದ ಘಟ್ಟ ಹತ್ತಿ ಹೋಗಿ ಇಳಿದು ಬರುವಷ್ಟರಲ್ಲಿ ಅರ್ಜಿಯ ಅವಧಿ ಮುಗಿದಿರುತ್ತದೆ. ಒಂದು ರಾಜ್ಯದ ಪುಸ್ತಕ ಇನ್ನೊಂದು ರಾಜ್ಯದ ಮೇಜಿನ ಮೇಲಿಲ್ಲ. ನಾನು ಮೊದಲು ಹೇಳಿದ, ನಾಲ್ಕು ಜನ ಒಂದೇ ಲೆಕ್ಕ ಇಡಬೇಕಾದ ಪ್ರಸಂಗ ಇದೇ.

ಇದಕ್ಕೆ ಎರಡೂ ದಾರಿಗಳಲ್ಲಿ ಪ್ರಯತ್ನ ನಡೆದಿವೆ. ಬಯಲಿನ ದಾರಿಯಲ್ಲಿ ಮಹಾರಾಷ್ಟ್ರದ್ದು: ಅಲ್ಲಿಯ ಕೌಶಲ್ಯಾಭಿವೃದ್ಧಿ ಮಂಡಳಿ 2021ರಲ್ಲಿ ಡಿಪ್ಲೊಮಾ ಪ್ರಮಾಣಪತ್ರಗಳಿಗೆ ಇಥೀರಿಯಮ್ ಬಳಸಲು ಹೊರಟಿತು. ಮರುವರ್ಷ, 2022ರಲ್ಲಿ, ಗಡಚಿರೋಲಿ ಜಿಲ್ಲೆಯ ಎಟಾಪಲ್ಲಿಯಲ್ಲಿ 65 ಸಾವಿರ ಜಾತಿ ಪ್ರಮಾಣಪತ್ರಗಳನ್ನು ಪಾಲಿಗಾನ್ ಮೇಲೆ ದಾಖಲಿಸುವ ಕೆಲಸ ಕೈಗೊಂಡರು. ಅದೂ ನಮ್ಮ ಹಾಗೆ ಗಡಿ ಪ್ರದೇಶ, ಛತ್ತೀಸಗಢಕ್ಕೆ ತಾಗಿದ ಕಾಡಿನ ತಾಲ್ಲೂಕು. ಇಂಥ ಏರ್ಪಾಟಿನಲ್ಲಿ ಪ್ರಮಾಣಪತ್ರವನ್ನೇ ಬಯಲಿಗೆ ಹಾಕಬೇಕಿಲ್ಲ. ಅದರ ಹೆಬ್ಬೆಟ್ಟು ಹಾಕಿದರೆ ಸಾಕು. ಕಾಗದದ ಮೇಲಿನ ಕ್ಯೂಆರ್ ಚೌಕವನ್ನು ಫೋನಿಗೆ ತೋರಿಸಿದರೆ ಎರಡೂ ಹೆಬ್ಬೆಟ್ಟು ಕೂಡುತ್ತವೆಯೋ ಇಲ್ಲವೋ ಗೊತ್ತಾಗುತ್ತದೆ. ಇದು ಬಹಳ ಮುಖ್ಯ, ಏಕೆಂದರೆ ಬಯಲಿನ ಪುಸ್ತಕದಿಂದ ಏನನ್ನೂ ಅಳಿಸಲಾಗದು. 2023ರ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾಯ್ದೆಯಲ್ಲಿ ತನ್ನ ಮಾಹಿತಿ ಅಳಿಸಿರೆಂದು ಕೇಳುವ ಹಕ್ಕಿದೆ. ಹೆಸರು, ಆಧಾರ್ ಸಂಖ್ಯೆಗಳನ್ನೇ ಸರಪಳಿಗೆ ಹಾಕಿದರೆ ಆ ಹಕ್ಕು ನೀರಲ್ಲಿ ಹೋದಂತೆ.

ಬಾಗಿಲಿನ ದಾರಿ ಕೇಂದ್ರ ಸರ್ಕಾರದ್ದು. ರಾಷ್ಟ್ರೀಯ ಸೂಚನಾ ಕೇಂದ್ರ, ಅಂದರೆ ಎನ್‌ಐಸಿಯವರು 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಬ್ಲಾಕ್‌ಚೈನ್ ಶ್ರೇಷ್ಠತಾ ಕೇಂದ್ರ ತೆರೆದರು. 2024ರ ಸೆಪ್ಟೆಂಬರ್ 4ರಂದು 'ವಿಶ್ವಸ್ಯ' ಎಂಬ ರಾಷ್ಟ್ರೀಯ ವ್ಯವಸ್ಥೆ ಬಂತು. ಅನುಮತಿ ಇದ್ದವರೇ ಬರೆಯಬಲ್ಲ ಈ ಲೆಡ್ಜರಿನ ಪ್ರತಿಗಳು ಭುವನೇಶ್ವರ, ಪುಣೆ, ಹೈದರಾಬಾದುಗಳ ಎನ್‌ಐಸಿ ಕೇಂದ್ರಗಳಲ್ಲಿವೆ. ಇಲ್ಲಿ ನನ್ನದೊಂದು ತಕರಾರಿದೆ. ಮೂರು ಊರಲ್ಲಿ ಪ್ರತಿ ಇಟ್ಟರೂ ಮೂರರ ಯಜಮಾನ ಒಬ್ಬನೇ. ಪ್ರವಾಹ ಬಂದರೆ, ಬೆಂಕಿ ಬಿದ್ದರೆ ರಕ್ಷಣೆ ಇದೆ ನಿಜ. ಯಜಮಾನನೇ ತಿದ್ದಲು ಮನಸ್ಸು ಮಾಡಿದರೆ? ಪಣಜಿಯಲ್ಲೊಂದು, ಬೆಂಗಳೂರಿನಲ್ಲೊಂದು ಎಂದು ಆಯಾ ರಾಜ್ಯ ಸರ್ಕಾರಗಳ ಕೈಯಲ್ಲೇ ಪ್ರತಿ ಇದ್ದು, ವಾರಕ್ಕೊಮ್ಮೆ ಇಡೀ ಪುಸ್ತಕದ ಒಂದು ಹೆಬ್ಬೆಟ್ಟನ್ನು ಇಥೀರಿಯಮ್‌ನಂಥ ಬಯಲಿನಲ್ಲಿ ಒತ್ತಿದರೆ ಎರಡೂ ಪದ್ಧತಿಯ ಗುಣ ದಕ್ಕುತ್ತದೆ. ವಾರಕ್ಕೊಂದು ಹೆಬ್ಬೆಟ್ಟಾದರೆ ಶುಲ್ಕವೂ ಭಾರವಲ್ಲ. ಹೀಗೆ ಒಳಗಿನ ಪುಸ್ತಕದ ಗುರುತನ್ನು ಹೊರಗೆ ಒತ್ತುವ ರೂಢಿ ಲೋಕದಲ್ಲಿ ಆಗಲೇ ಇದೆ. ಬರೀ ಒಂದು ಅಂಕಪಟ್ಟಿ ತೋರಿಸುವ ಕೆಲಸಕ್ಕಾದರೆ 2015ರಿಂದ ಇರುವ ಡಿಜಿಲಾಕರ್ ಸಾಕೆಂಬುದನ್ನೂ ಹೇಳಿಬಿಡುತ್ತೇನೆ.

ಸರಪಳಿಯ ಕೈಲಿ ಆಗದ್ದೂ ಇದೆ. ನಮ್ಮ ಊರಿನ ಕಾಗದದಲ್ಲಿ 'ಬಸಪ್ಪ' ಎಂದಿದ್ದವನು ಇಲ್ಲಿಯ ಕಾಗದದಲ್ಲಿ 'ಬಸಪಾ' ಆಗುತ್ತಾನೆ, ಅಡ್ಡಹೆಸರು ತಂದೆಯ ಹೆಸರಿನ ಜಾಗಕ್ಕೆ ಕೂರುತ್ತದೆ. ಒಂದು ಚುಕ್ಕೆ ವ್ಯತ್ಯಾಸವಾದರೂ ಹೆಬ್ಬೆಟ್ಟು ಕೂಡದೆಂದೆನಲ್ಲ? ತಪ್ಪು ಬರೆದ ಹೆಸರು ಸರಪಳಿ ಸೇರಿದರೆ ತಪ್ಪೇ ಶಾಶ್ವತ. ತಿದ್ದುಪಡಿಯನ್ನು ಹೊಸ ನಮೂದಾಗಿ ಹಾಕಿಸಬೇಕು. ಕಾಫಿ ಮಂಡಳಿ 2019ರ ಮಾರ್ಚಿನಲ್ಲಿ ಬೆಳೆಗಾರರಿಗಾಗಿ ಬ್ಲಾಕ್‌ಚೈನ್ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಶುರುಮಾಡಿದಾಗಲೂ ಇದೇ ಪ್ರಶ್ನೆ. ಚೀಲದ ಚೀಟಿ ಬದಲಾಗದಂತೆ ಸರಪಳಿ ಕಾಯುತ್ತದೆ, ಚೀಲದೊಳಗೆ ಇರುವುದು ಚಿಕ್ಕಮಗಳೂರಿನ ಬೀಜವೇ ಎಂದು ಮೂಸಿ ನೋಡಲು ಮನುಷ್ಯನೇ ಬೇಕು. ಇನ್ನು ಪರಿಶಿಷ್ಟ ಜಾತಿ, ಪಂಗಡದ ಬಂಧುಗಳು ಗಮನಿಸಿ: ಒಂದು ರಾಜ್ಯದ ಪ್ರಮಾಣಪತ್ರದಿಂದ ಇನ್ನೊಂದು ರಾಜ್ಯದಲ್ಲಿ ಆ ರಾಜ್ಯದ ಮೀಸಲಾತಿ ತಾನಾಗಿ ಸಿಗುವುದಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲಿಯೂ 2018ರಲ್ಲಿಯೂ ಹೇಳಿದೆ. ಕಾಗದ ಖರೆ ಎಂದು ಸರಪಳಿ ಹೇಳೀತು. ಇಲ್ಲಿ ಅದು ನಡೆಯುತ್ತದೆಂದು ಹೇಳದು.

ಕೊನೆಯದಾಗಿ ನಾಣ್ಯ ಮಾರುವವರ ವಿಷಯ. ಫ್ಯಾಬ್ರಿಕ್‌ಗೆ ನಾಣ್ಯವೇ ಇಲ್ಲವೆಂದು ಆಗಲೇ ಹೇಳಿದೆ. ಆದ್ದರಿಂದ 'ಇದು ಸರ್ಕಾರದ ಬ್ಲಾಕ್‌ಚೈನಿನ ನಾಣ್ಯ, ಈಗ ಅಗ್ಗ, ಮುಂದೆ ಬೆಲೆ ಬರುತ್ತದೆ' ಎಂದು ಯಾರಾದರೂ ಬಾಗಿಲಿಗೆ ಬಂದರೆ ಅವನಿಗೆ ಚಹಾ ಕೊಡುವ ಅಗತ್ಯವೂ ಇಲ್ಲ. ರಿಸರ್ವ್ ಬ್ಯಾಂಕು 2022ರ ಡಿಸೆಂಬರ್ 1ರಿಂದ ಪ್ರಾಯೋಗಿಕವಾಗಿ ಹೊರಡಿಸಿರುವ ಡಿಜಿಟಲ್ ರೂಪಾಯಿ ಬೇರೆ. ಅದರ ಒಂದು ರೂಪಾಯಿ ಎಂದೂ ಒಂದೇ ರೂಪಾಯಿ, ಅದರಲ್ಲಿ ದುಪ್ಪಟ್ಟಾಗುವುದೇನಿಲ್ಲ. ಇಥೀರಿಯಮ್ಮಿನಲ್ಲಾದರೋ ಯಾರು ಬೇಕಾದರೂ ಕೆಲವೇ ನಿಮಿಷಗಳಲ್ಲಿ ಹೊಸ ನಾಣ್ಯ ಹುಟ್ಟಿಸಬಹುದು. ಸರಪಳಿಯಲ್ಲಿ ಅದರ ಹೆಸರು ಕಾಣುತ್ತದೆ ಎಂಬುದು ಅದರ ಯೋಗ್ಯತೆಗೆ ಸಾಕ್ಷಿಯಲ್ಲ. ಬ್ಯಾಂಕಿನ ಠೇವಣಿಗೆ 2020ರಿಂದ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಈ ನಾಣ್ಯಗಳಿಗೆ ಆ ವಿಮೆ ಇಲ್ಲ. ಲಾಭ ಬಂದರೆ 2022ರ ಏಪ್ರಿಲಿನಿಂದ ಶೇಕಡಾ 30ರ ತೆರಿಗೆ ಇದೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಬಿಡುವುದಿಲ್ಲ. ಈಗಾಗಲೇ ಕೊಂಡವರು ಇದ್ದರೆ, ತಮ್ಮ ತಿಜೋರಿ ತೆರೆಯುವ 12 ಅಥವಾ 24 ಶಬ್ದಗಳನ್ನು ಕಾಗದದ ಮೇಲೆ ಬರೆದು ಪೆಟ್ಟಿಗೆಯಲ್ಲಿಡಿ. ಫೋನಿನಲ್ಲಿ ಫೋಟೋ ತೆಗೆದಿಡಬೇಡಿ, ಸಹಾಯ ಮಾಡುತ್ತೇನೆಂದು ಕರೆ ಮಾಡಿದವನಿಗೆ ಹೇಳಬೇಡಿ. ಆ ಶಬ್ದಗಳು ಹೋದರೆ ದೂರು ಹೇಳಲು ಇಥೀರಿಯಮ್ಮಿಗೆ ಮಡಗಾಂವ್‌ನಲ್ಲಾಗಲಿ ಎಲ್ಲಿಯೇ ಆಗಲಿ ಶಾಖೆಯೂ ಇಲ್ಲ, ಮ್ಯಾನೇಜರನೂ ಇಲ್ಲ.